ವಾರಸುದಾರರಿಲ್ಲದ ಬ್ಯಾಗು: ಭಯೋತ್ಪಾದನೆಯ ಅಪಾಯವನ್ನು ಅಳೆದು ತಡೆಯುವ ಬಗೆ

ಭಯೋತ್ಪಾದನೆಯನ್ನು ತಡೆಯುವುದು ಸರ್ಕಾರದ ಕೆಲಸ ಎಂಬ ಮಾತು ಮುಕ್ಕಾಲು ಪಾಲು ನಿಜ. ಗುಪ್ತ ಮಾಹಿತಿ ಕಲೆಹಾಕುವುದು, ಗಡಿ ಕಾಯುವುದು, ಬಂಧಿಸುವುದು, ವಿಚಾರಣೆ ನಡೆಸುವುದು ಇವುಗಳಲ್ಲಿ ನಾಗರಿಕರಿಗೆ ಪಾತ್ರವಿಲ್ಲ, ಇರಲೂಬಾರದು. ಉಳಿದ ಕಾಲು ಪಾಲು ಹೋಟೆಲ್ ಮಾಲೀಕರು, ಶಾಲೆಯ ಮುಖ್ಯೋಪಾಧ್ಯಾಯರು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಮನೆ ಬಾಡಿಗೆಗೆ ಕೊಡುವವರು, ಜಾತ್ರೆ ಸಮಿತಿಯವರು, ಹಳೆಯ ಕಾರು ಮಾರುವವರು ಇಂಥವರ ಕೈಯಲ್ಲಿದೆ. ಕರ್ನಾಟಕದ ಪ್ರಕರಣಗಳ ಎಳೆ ಹಿಡಿದು ಹೊರಟರೆ ದಾರಿ ಮತ್ತೆ ಮತ್ತೆ ಈ ಕಾಲು ಪಾಲಿನೊಳಗೇ ಹಾದುಹೋಗುತ್ತದೆ: ಯಾರೋ ಕಳೆದುಕೊಂಡ ಆಧಾರ್, ಯಾರೋ ವಿಚಾರಿಸದೆ ಕೊಟ್ಟ ಬಾಡಿಗೆ ಕೋಣೆ, ಯಾರ ಕಣ್ಣಿಗೂ ಬೀಳದ ಬ್ಯಾಗು. ಈ ಲೇಖನ ಅಷ್ಟಕ್ಕೇ ಸೀಮಿತ.

ಹಂತ 1: ನಿಮ್ಮ ಊರಿನಲ್ಲಿ ಏನೇನಾಗಿದೆ ನೋಡಿ

ಅಪಾಯವನ್ನು ಅಳೆಯಲು ಹೊರಟವರು ಸಾಮಾನ್ಯವಾಗಿ ಟಿವಿಯಲ್ಲಿ ಕಂಡ ದೃಶ್ಯದಿಂದ ಶುರು ಮಾಡುತ್ತಾರೆ. 2008ರ ನವೆಂಬರ್‌ನ ಮುಂಬೈ ದಾಳಿ ನೆನಪಾಗುತ್ತದೆ, ಬಂದೂಕುಧಾರಿಗಳು ಒಳನುಗ್ಗಿದರೆ ಏನು ಗತಿ ಎಂಬ ಚಿಂತೆ ಹತ್ತುತ್ತದೆ. ಚಿಂತೆ ತಪ್ಪಲ್ಲ, ಆದರೆ ಮೊದಲು ನೋಡಬೇಕಾದದ್ದು ನಿಮ್ಮದೇ ಊರಿನ ದಾಖಲೆ. ಬೆಂಗಳೂರಿನದನ್ನು ತೆಗೆದುಕೊಳ್ಳೋಣ.

2005ರ ಡಿಸೆಂಬರ್ 28ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಸಮ್ಮೇಳನಕ್ಕೆ ಬಂದಿದ್ದವರ ಮೇಲೆ ಗುಂಡಿನ ದಾಳಿ ನಡೆದು ದೆಹಲಿ ಐಐಟಿಯ ಪ್ರಾಧ್ಯಾಪಕರೊಬ್ಬರು ಸತ್ತರು. 2008ರ ಜುಲೈ 25ರ ಸರಣಿ ಸ್ಫೋಟದಲ್ಲಿ ಮಡಿವಾಳದ ಬಸ್ ತಂಗುದಾಣದಲ್ಲಿದ್ದ ಮಹಿಳೆ ಬಲಿಯಾದರು. 2010ರ ಏಪ್ರಿಲ್ 17ರಂದು ಐಪಿಎಲ್ ಪಂದ್ಯಕ್ಕೆ ಜನ ಸೇರುತ್ತಿದ್ದಾಗ ಚಿನ್ನಸ್ವಾಮಿ ಕ್ರೀಡಾಂಗಣದ ಗೋಡೆಯ ಬಳಿ ಬಾಂಬ್ ಸಿಡಿಯಿತು. ಪಂದ್ಯ ಒಂದು ಗಂಟೆ ತಡವಾಗಿ ನಡೆಯಿತು. 2013ರ ಏಪ್ರಿಲ್ 17ರಂದು, ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ, ಮಲ್ಲೇಶ್ವರದ ಬಿಜೆಪಿ ಕಚೇರಿ ಸಮೀಪ ಬೈಕಿನಲ್ಲಿಟ್ಟ ಬಾಂಬ್ ಸಿಡಿದು ಪೊಲೀಸರೂ ಸೇರಿ ಹಲವರು ಗಾಯಗೊಂಡರು. 2014ರ ಡಿಸೆಂಬರ್ 28ರ ರಾತ್ರಿ ಚರ್ಚ್ ಸ್ಟ್ರೀಟ್‌ನಲ್ಲಿ ರೆಸ್ಟೋರೆಂಟ್ ಎದುರಿನ ಪಾದಚಾರಿ ಮಾರ್ಗದ ಸ್ಫೋಟಕ್ಕೆ ಮಹಿಳೆಯೊಬ್ಬರು ಬಲಿಯಾದರು. 2024ರ ಮಾರ್ಚ್ 1ರ ಮಧ್ಯಾಹ್ನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಗ್ರಾಹಕನಂತೆ ಬಂದವನು ಕೈತೊಳೆಯುವ ಜಾಗದ ಬಳಿ ಬ್ಯಾಗು ಬಿಟ್ಟು ಹೊರಟುಹೋದ. ಊಟದ ಹೊತ್ತಿಗೆ ಅದು ಸಿಡಿಯಿತು. ಜೀವ ಹೋಗಲಿಲ್ಲ, ಗಾಯಗಳಾದವು.

ಇದು ಪೂರ್ಣ ಪಟ್ಟಿಯಲ್ಲ. ಆದರೂ ಇಷ್ಟರಲ್ಲೇ ಒಂದು ಚಹರೆ ಕಾಣುತ್ತದೆ. ಮೊದಲನೆಯದನ್ನು ಬಿಟ್ಟರೆ ಉಳಿದೆಲ್ಲವೂ ಇಟ್ಟು ಹೋದ ವಸ್ತುಗಳು. ಇಟ್ಟ ಜಾಗಗಳೆಲ್ಲ ಯಾರನ್ನೂ ಯಾರೂ 'ಏಕೆ ಬಂದಿರಿ' ಎಂದು ಕೇಳದ ಜಾಗಗಳು. ಜನ ದಟ್ಟವಾಗಿ ಸೇರುವ ಹೊತ್ತು ನೋಡಿಯೇ ಇಡಲಾಗಿದೆ. ಅಂದರೆ ಬೆಂಗಳೂರಿನ ಒಂದು ದರ್ಶಿನಿ ಅಥವಾ ಮಾರುಕಟ್ಟೆ ಸಂಕೀರ್ಣ ಮೊದಲು ಸಿದ್ಧವಾಗಬೇಕಾದದ್ದು ವಾರಸುದಾರರಿಲ್ಲದ ವಸ್ತುವಿಗೆ. ಕಮಾಂಡೊ ಕಾಳಗದ ಕನಸು ಆಮೇಲೆ ಕಾಣಬಹುದು.

ಇದರ ಜೊತೆಗೇ ಒಂದು ತೂಕದ ಪ್ರಜ್ಞೆಯೂ ಬೇಕು. ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷದಲ್ಲಿ 1,68,491 ಜನ ಸತ್ತರು. ಭಯೋತ್ಪಾದನೆಯ ಬಲಿ ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. 2010ರಲ್ಲಿ ಬಾಂಬ್ ಸಿಡಿದಾಗ ಸಾವಿಲ್ಲದೆ ಪಾರಾದ ಅದೇ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 2025ರ ಜೂನ್ 4ರಂದು ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಆದ್ದರಿಂದ ಖರ್ಚು ಮಾಡುವಾಗ ಒಂದು ನಿಯಮ ಇಟ್ಟುಕೊಳ್ಳಿ: ಬೆಂಕಿ, ನೂಕುನುಗ್ಗಲು, ಕಳ್ಳತನಕ್ಕೂ ಉಪಯೋಗಕ್ಕೆ ಬರುವ ಕ್ರಮಕ್ಕೆ ಮೊದಲು ಹಣ ಹಾಕಿ. ಅಗಲವಾದ ಹೊರದಾರಿ, ಬೀಗ ಹಾಕದ ತುರ್ತು ಬಾಗಿಲು, ಕೆಲಸ ಮಾಡುವ ಕ್ಯಾಮೆರಾ ಇವೆಲ್ಲ ಆ ಜಾತಿಯವು.

ಹಂತ 2: ಕಾಗದದ ಮೇಲೆ ಅಳೆಯಿರಿ

ಭದ್ರತೆಯವರು ಅಪಾಯವನ್ನು ನಾಲ್ಕು ಭಾಗ ಮಾಡಿ ನೋಡುತ್ತಾರೆ: ದಾಳಿ ಮಾಡುವ ಉದ್ದೇಶ ಯಾರಿಗಾದರೂ ಇದೆಯೇ, ಮಾಡುವ ಸಾಮರ್ಥ್ಯ ಇದೆಯೇ, ನಮ್ಮ ಜಾಗ ಎಷ್ಟು ದುರ್ಬಲ, ದಾಳಿ ನಡೆದೇಬಿಟ್ಟರೆ ಎಷ್ಟು ಹಾನಿ. ಮೊದಲೆರಡು ನಿಮಗೆ ತಿಳಿಯುವುದಿಲ್ಲ. ಬ್ರಿಟನ್‌ನಲ್ಲಿ 2006ರಿಂದ ಸರ್ಕಾರವೇ ಐದು ಮಟ್ಟಗಳ ಅಳತೆಗೋಲಿನಲ್ಲಿ ಬೆದರಿಕೆಯ ಮಟ್ಟವನ್ನು ಬಹಿರಂಗವಾಗಿ ಹೇಳುತ್ತದೆ. ಲಂಡನ್‌ನಲ್ಲಿರುವ ಕನ್ನಡ ಸಂಘದವರು ಯುಗಾದಿ ಕಾರ್ಯಕ್ರಮಕ್ಕೆ ಸಭಾಂಗಣ ಹಿಡಿಯುವ ಮೊದಲು ಅದನ್ನು ನೋಡಿಕೊಳ್ಳಬಹುದು. 2017ರ ಮ್ಯಾಂಚೆಸ್ಟರ್ ಅರೀನಾ ಸ್ಫೋಟದಲ್ಲಿ 22 ಜನ ಸತ್ತ ಬಳಿಕ ನಡೆದ ಒತ್ತಾಯದಿಂದ ಅಲ್ಲಿ 2025ರಲ್ಲಿ ಒಂದು ಕಾನೂನೂ ಬಂತು: 200 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ ಸ್ಥಳಗಳು ದಾಳಿಗೆ ಸಿದ್ಧತಾ ಕ್ರಮ ಇಟ್ಟುಕೊಳ್ಳಬೇಕು. ಅದರ ಜಾರಿಗೆ ಕಾಲಾವಕಾಶ ಕೊಡಲಾಗಿದೆ.

ಭಾರತದಲ್ಲಿ ಜನರಿಗಾಗಿ ಅಂಥ ಅಳತೆಗೋಲಿಲ್ಲ. ಆಗಸ್ಟ್ 15, ಜನವರಿ 26 ಬಂದಾಗ 'ರಾಜ್ಯದಾದ್ಯಂತ ಕಟ್ಟೆಚ್ಚರ' ಎಂಬ ಸುದ್ದಿ ಪ್ರತಿ ವರ್ಷ ಬರುತ್ತದೆ. ಅದರಿಂದ ನಿಮ್ಮ ಅಂಗಡಿಗೆ ತಿಳಿಯುವುದು ಅತ್ಯಲ್ಪ. ಹಾಗಾಗಿ ಕೊನೆಯೆರಡನ್ನು, ಅಂದರೆ ದೌರ್ಬಲ್ಯ ಮತ್ತು ಹಾನಿಯನ್ನು, ನೀವೇ ಅಳೆಯಿರಿ.

ಅಳೆಯುವುದು ಹೀಗೆ. ನಿಮ್ಮ ಜಾಗದ ಒಂದು ಒರಟು ನಕ್ಷೆ ಬರೆಯಿರಿ. ವ್ಯಾಪಾರ ತುಂಬಿ ತುಳುಕುವ ಹೊತ್ತಿನಲ್ಲಿ ಅದನ್ನು ಹಿಡಿದು ಅಪರಿಚಿತರಂತೆ ಒಳಬನ್ನಿ. ಪ್ರತಿ ಮೂಲೆಯಲ್ಲೂ ಎರಡೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಒಂದು ಬ್ಯಾಗು ಹತ್ತು ನಿಮಿಷ ಯಾರ ಗಮನಕ್ಕೂ ಬಾರದೆ ಇರಬಲ್ಲದೇ? ಅದರಿಂದ ನಾಲ್ಕು ಹೆಜ್ಜೆಯೊಳಗೆ ಎಷ್ಟು ಜನ ನಿಂತಿರುತ್ತಾರೆ? ಎರಡಕ್ಕೂ ಕೆಟ್ಟ ಉತ್ತರ ಬಂದ ಜಾಗಕ್ಕೆ ಕೆಂಪು ಗುರುತು ಹಾಕಿ.

ದರ್ಶಿನಿಯಲ್ಲಿ ಕೆಂಪು ಬೀಳುವುದು ಬಹುತೇಕ ಇಲ್ಲೆಲ್ಲ: ಕೈತೊಳೆಯುವ ಬೇಸಿನ್ನಿನ ಕೆಳಗೆ, ಕಸದ ಡಬ್ಬಿಯ ಹಿಂದೆ, ಪಾರ್ಸೆಲ್ ಕೌಂಟರಿನ ಬದಿಯಲ್ಲಿ, ಎದುರಿನ ಹೂಕುಂಡಗಳ ನಡುವೆ, ಬೈಕುಗಳ ಸಾಲಿನಲ್ಲಿ. ಶಾಲೆಯಲ್ಲಿ ತರಗತಿಗಳಿಗಿಂತ ಶಾಲೆ ಬಿಡುವ ಹೊತ್ತಿನ ಗೇಟು ಹೆಚ್ಚು ದುರ್ಬಲ. ಮಕ್ಕಳು, ಪೋಷಕರು, ಆಟೊ, ವ್ಯಾನು ಎಲ್ಲ ಒಂದೇ ಕಡೆ ಮುತ್ತಿಕೊಂಡಿರುತ್ತವೆ. ತೇರಿನ ದಿನ ಜಾತ್ರೆಯಲ್ಲಿ ಎಲ್ಲರ ಕಣ್ಣು ತೇರಿನ ಮೇಲಿರುತ್ತದೆ. ನೀವು ನೋಡಬೇಕಾದದ್ದು ಪ್ರಸಾದದ ಸಾಲು, ಚಪ್ಪಲಿ ಬಿಡುವ ಜಾಗ, ಜನರೇಟರ್ ಇಟ್ಟ ಮೂಲೆ.

ಪರಿಹಾರಗಳು ಅಗ್ಗದವು. ಕಸದ ಡಬ್ಬಿಗೆ ಬದಲು ಒಳಗಿರುವುದು ಕಾಣುವ ಚೀಲ ತೂಗುಹಾಕಿದ ಕಬ್ಬಿಣದ ಬಳೆ. ಬೇಸಿನ್ನಿನ ಕೆಳಗಿನ ಪೊಟರೆ ಮುಚ್ಚಲು ಒಂದು ಹಲಗೆ. ಹೂಕುಂಡಗಳಿಗೆ ಬೇರೆ ಜಾಗ. ಗಲ್ಲಾ ಪೆಟ್ಟಿಗೆಯಲ್ಲಿ ಕೂತವರಿಗೆ ಬೇಸಿನ್ ಕಾಣುವಂತೆ ಕುರ್ಚಿಯನ್ನು ಒಂದಿಷ್ಟು ತಿರುಗಿಸುವುದು. ಇದನ್ನೆಲ್ಲ ಬಿಟ್ಟು ಬಾಗಿಲಿಗೆ ಲೋಹಶೋಧಕ ಚೌಕಟ್ಟು ನಿಲ್ಲಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಚೌಕಟ್ಟು ಕೀಂ ಎನ್ನುತ್ತಲೇ ಇರುತ್ತದೆ, ಪಕ್ಕದಲ್ಲಿ ಕೂತ ಕಾವಲುಗಾರ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಸದ್ದಾದಾಗ ಬ್ಯಾಗು ತೆರೆದು ನೋಡುವ ಮನುಷ್ಯನಿಲ್ಲದಿದ್ದರೆ ಆ ಯಂತ್ರಕ್ಕೆ ಹಾಕಿದ ಹಣ ದಂಡ.

ಹಂತ 3: ವಸ್ತು ನೋಡಿ, ವರ್ತನೆ ನೋಡಿ

ಅಪಾಯ ಅಳೆಯುವವರು ಎಡವುವುದು ಹೆಚ್ಚಾಗಿ ಇಲ್ಲಿ. ಹೆಸರು, ಗಡ್ಡ, ಬುರ್ಖಾ, ಭಾಷೆ, ಊರು ನೋಡಿ ಅನುಮಾನಿಸುವುದು ಸುಲಭ. ಅದು ಅನ್ಯಾಯವಷ್ಟೇ ಆಗಿದ್ದರೆ ಕೆಲವರು ಸಹಿಸಿಕೊಳ್ಳಿ ಎನ್ನುತ್ತಿದ್ದರೇನೋ. ಆದರೆ ಅದು ಉಪಯೋಗಕ್ಕೂ ಬಾರದ್ದು. 1991ರಲ್ಲಿ ರಾಜೀವ್ ಗಾಂಧಿ ಹತ್ಯೆಯ ಪ್ರಮುಖ ಆರೋಪಿಗಳು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ್ದರು. ಆಗಸ್ಟ್ 20ರ ಬೆಳಗಿನ ಜಾವ ಅವರ ಶವಗಳು ಅಲ್ಲಿ ಸಿಕ್ಕವು. ಅವರು ಶ್ರೀಲಂಕಾದ ತಮಿಳು ಪ್ರತ್ಯೇಕತಾವಾದಿ ಸಂಘಟನೆಯಾದ ಎಲ್‌ಟಿಟಿಇಯವರು. ಮಲೆನಾಡಿನ ಕಾಡುಗಳಲ್ಲಿ ಬಂದೂಕು ಹಿಡಿದ ನಕ್ಸಲರಲ್ಲಿ ಹಲವರು ಕನ್ನಡ ಮಾತನಾಡುವ ನಮ್ಮ ಹಳ್ಳಿಗಳ ಮಕ್ಕಳು. ರಾಮೇಶ್ವರಂ ಕೆಫೆಗೆ ಬಂದವನು ಟೋಪಿ, ಮಾಸ್ಕ್ ಹಾಕಿ, ಬೆನ್ನಿಗೆ ಬ್ಯಾಗು ಏರಿಸಿ, ಆ ಪ್ರದೇಶದ ಐಟಿ ಉದ್ಯೋಗಿಗಳ ನಡುವೆ ಎದ್ದು ಕಾಣದಂತೆ ಬಂದಿದ್ದ. ಉಡುಪು ನೋಡುತ್ತ ನಿಂತಿದ್ದ ಕಾವಲುಗಾರ ಅವನನ್ನು ಸಲಾಮು ಹೊಡೆದು ಒಳಗೆ ಬಿಡುತ್ತಿದ್ದ.

ಗಮನಿಸಬೇಕಾದ ವರ್ತನೆಗಳು ಬೇರೆ. ಊಟ ಬಿಟ್ಟು ಕ್ಯಾಮೆರಾ, ಬಾಗಿಲು, ಮೆಟ್ಟಿಲುಗಳ ಫೋಟೊ ತೆಗೆಯುವುದು. ಕಾವಲುಗಾರರ ಪಾಳಿ ಯಾವಾಗ ಬದಲಾಗುತ್ತದೆ ಎಂದು ವಿಚಾರಿಸುವುದು. ಕೆಲಸವಿಲ್ಲದೆ ಮತ್ತೆ ಮತ್ತೆ ಬಂದು ಒಂದೇ ಮೂಲೆಯಲ್ಲಿ ನಿಲ್ಲುವುದು. ಬ್ಯಾಗನ್ನು ಇಟ್ಟು, ಹಿಂದಿರುಗಿ ನೋಡದೆ ಬೇಗ ಬೇಗ ಹೊರಡುವುದು. ನಿಲ್ಲಿಸಬಾರದ ಕಡೆ ವಾಹನ ನಿಲ್ಲಿಸಿ ಕಾಲ್ನಡಿಗೆಯಲ್ಲಿ ಮರೆಯಾಗುವುದು. ಇವುಗಳಲ್ಲಿ ಒಂದೊಂದಕ್ಕೂ ಮುಗ್ಧ ಕಾರಣ ಇದ್ದೇ ಇರಬಹುದು. ಅದಕ್ಕೇ ಮೊದಲ ಹೆಜ್ಜೆ ಒಂದು ಮರ್ಯಾದೆಯ ಪ್ರಶ್ನೆ: 'ಏನು ಬೇಕಿತ್ತು ಸಾರ್, ಹುಡುಕಿಕೊಡಲೇ?' ನಿಜವಾದ ಗ್ರಾಹಕರು ಸಂತೋಷಪಡುತ್ತಾರೆ. ದುರುದ್ದೇಶದಿಂದ ಬಂದವನಿಗೆ ತನ್ನ ಮುಖ ಒಬ್ಬರ ನೆನಪಿನಲ್ಲಿ ಉಳಿಯಿತು ಎಂದು ಗೊತ್ತಾಗುತ್ತದೆ. ಮಾಣಿಗಳಿಗೆ, ಸ್ವಚ್ಛತಾ ಸಿಬ್ಬಂದಿಗೆ ಈ ಒಂದು ವಾಕ್ಯ ಕಲಿಸುವುದಕ್ಕೆ ಕಾಸು ಖರ್ಚಿಲ್ಲ.

ಅನುಮಾನ ಉಳಿದರೆ 112ಕ್ಕೆ ಕರೆ ಮಾಡಿ. ಏನು ಕಂಡಿರಿ, ಎಲ್ಲಿ, ಎಷ್ಟು ಹೊತ್ತಿಗೆ, ವಾಹನದ ಸಂಖ್ಯೆ, ಯಾವ ಕಡೆ ಹೋದರು ಎಂಬಷ್ಟನ್ನೇ ಹೇಳಿ. 'ನೋಡಿದರೆ ಉಗ್ರನ ಹಾಗಿದ್ದ' ಎಂಬ ಮಾತಿನಿಂದ ಪೊಲೀಸರಿಗೆ ಪ್ರಯೋಜನವಿಲ್ಲ. ಹಿಡಿದು ಕಟ್ಟಿಹಾಕುವುದು, ಹೊಡೆಯುವುದು, ಫೋಟೊವನ್ನು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ನಿಮ್ಮನ್ನೇ ಆರೋಪಿಯ ಸ್ಥಾನಕ್ಕೆ ತರುತ್ತವೆ.

ಹಂತ 4: ಬ್ಯಾಗು ಸಿಕ್ಕಿತು, ಈಗೇನು?

ಮರೆತುಹೋದ ಬ್ಯಾಗುಗಳು ಪ್ರತಿದಿನ ಸಿಗುತ್ತವೆ. ಎಲ್ಲದಕ್ಕೂ ಶ್ವಾನದಳ ಕರೆಸಿದರೆ ಮೂರನೇ ಸಲ ನಿಮ್ಮ ಸಿಬ್ಬಂದಿಯೇ ನಂಬುವುದಿಲ್ಲ. ಆದ್ದರಿಂದ ಮೂರು ಪ್ರಶ್ನೆ. ಅದನ್ನು ಯಾರಾದರೂ ಬೇಕೆಂದೇ ಬಚ್ಚಿಟ್ಟಂತಿದೆಯೇ? ತಂತಿ, ಬ್ಯಾಟರಿ, ಟೇಪು, ದ್ರವದ ಸೋರಿಕೆ, ಟಿಕ್‌ಟಿಕ್ ಸದ್ದು ಹೀಗೆ ಕಣ್ಣಿಗೆ ಹೊಡೆಯುವ ಅಸಹಜತೆ ಇದೆಯೇ? ಅಂಥ ಜಾಗದಲ್ಲಿ ಸಾಮಾನ್ಯವಾಗಿ ಕಾಣದ ವಸ್ತುವೇ? ಬಸ್ ನಿಲ್ದಾಣದ ಬೆಂಚಿನ ಮೇಲಿನ ಟಿಫಿನ್ ಡಬ್ಬಿ ಸಹಜ. ಬ್ಯಾಂಕಿನ ಎಟಿಎಂ ಯಂತ್ರದ ಹಿಂದೆ ತುರುಕಿದ ಪ್ರೆಷರ್ ಕುಕ್ಕರ್ ಸಹಜವಲ್ಲ.

ಕೂಗಿ ಕೇಳಿ: 'ಈ ಬ್ಯಾಗು ಯಾರದ್ದು?' ಅಷ್ಟಕ್ಕೇ ಬಹುತೇಕ ಪ್ರಕರಣಗಳು ಮುಗಿಯುತ್ತವೆ. ಉತ್ತರ ಬಾರದೆ, ಮೇಲಿನ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಹೌದು ಎನಿಸಿದರೆ ಮುಂದಿನದು ಹೀಗೆ ನಡೆಯಬೇಕು.

ಮುಟ್ಟಬೇಡಿ. ಜಿಪ್ ಎಳೆಯಬೇಡಿ, ಕಾಲಿನಿಂದ ತಳ್ಳಬೇಡಿ, ನೀರು ಸುರಿಯಬೇಡಿ, ಪುಣ್ಯದ ಕೆಲಸವೆಂದು ಎತ್ತಿಕೊಂಡು ಹೊರಗೆ ಓಡಲೂಬೇಡಿ. ಜನರನ್ನು ದೂರ ಕಳಿಸಿ. ಬೆನ್ನಿಗೆ ಹಾಕುವ ಬ್ಯಾಗಿನಷ್ಟು ವಸ್ತುವಿಗೆ ಕನಿಷ್ಠ 100 ಮೀಟರ್, ದೊಡ್ಡ ಸೂಟ್‌ಕೇಸ್ ಅಥವಾ ಕಾರಿಗೆ 200 ಮೀಟರ್, ಲಾರಿಯಂಥ ದೊಡ್ಡ ವಾಹನಕ್ಕೆ 400 ಮೀಟರ್ ಎಂಬುದು ಬ್ರಿಟನ್‌ನ ಪೊಲೀಸರು ಹೇಳುವ ಲೆಕ್ಕ. ನಮ್ಮ ಪೇಟೆಬೀದಿಗಳಲ್ಲಿ ನೂರು ಮೀಟರ್ ಎಂದರೆ ಹತ್ತಾರು ಅಂಗಡಿಗಳಾಚೆ, ತಿರುವು ದಾಟಿ. ಬ್ಯಾಗು ನಿಮಗೆ ಕಾಣುತ್ತಿದೆ ಎಂದಾದರೆ ನೀವು ತಪ್ಪಾದ ಜಾಗದಲ್ಲಿ ನಿಂತಿದ್ದೀರಿ. ಗಟ್ಟಿ ಗೋಡೆಯ ಮರೆ ಹಿಡಿಯಿರಿ. ಗಾಜಿನ ಮುಂಭಾಗದ ಕಟ್ಟಡದ ಕೆಳಗಂತೂ ನಿಲ್ಲಲೇಬಾರದು. ವಸ್ತುವಿನಿಂದ 15 ಮೀಟರ್ ಒಳಗೆ ಮೊಬೈಲ್, ವಾಕಿಟಾಕಿ ಬಳಸದೆ ದೂರ ಬಂದ ಮೇಲೆ 112ಕ್ಕೆ ಕರೆ ಮಾಡಿ. ಮೊದಲು ಕಂಡವರನ್ನು ಮನೆಗೆ ಕಳಿಸಬೇಡಿ. ಬಾಂಬ್ ಪತ್ತೆ ಮತ್ತು ನಿಷ್ಕ್ರಿಯ ದಳ ಬಂದಾಗ ಅವರನ್ನೇ ಮೊದಲು ಕೇಳುತ್ತದೆ.

ಅಡುಗೆಮನೆಯ ಗ್ಯಾಸ್ ಕವಾಟ ಬ್ಯಾಗಿನಿಂದ ದೂರವಿದ್ದರೆ, ಹೊರಡುವ ದಾರಿಯಲ್ಲೇ ಇದ್ದರೆ, ಮುಚ್ಚಿ ಹೊರಡಿ. ಅದಕ್ಕಾಗಿ ಹಿಂದಿರುಗಿ ಹೋಗಬೇಡಿ. ಗಲ್ಲಾದ ಹಣಕ್ಕಂತೂ ಬೇಡವೇ ಬೇಡ.

ಹಂತ 5: ಬೆದರಿಕೆಯ ಇಮೇಲ್ ಮತ್ತು ಕರೆ

2023ರ ಡಿಸೆಂಬರ್ 1ರ ಬೆಳಿಗ್ಗೆ ಬೆಂಗಳೂರು ಮತ್ತು ಸುತ್ತಲಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಎಲ್ಲವೂ ಹುಸಿ. ಆದರೆ ಪೋಷಕರು ಕಚೇರಿ ಬಿಟ್ಟು ಶಾಲೆಗಳತ್ತ ಓಡಿದ ಆ ಬೆಳಿಗ್ಗೆ ಗೇಟುಗಳ ಮುಂದೆ ಉಂಟಾದ ಗೊಂದಲ ಹುಸಿಯಾಗಿರಲಿಲ್ಲ. ಅಂಥ ಬೆದರಿಕೆಗಳು ಆಮೇಲೂ ನಿಂತಿಲ್ಲ.

ಇಮೇಲ್ ಬಂದರೆ ಉತ್ತರಿಸಬೇಡಿ, ಅಳಿಸಬೇಡಿ. ತೆರೆದಿಟ್ಟ ಕಂಪ್ಯೂಟರನ್ನು ಹಾಗೇ ಬಿಟ್ಟು ಪೊಲೀಸರಿಗೆ ತಿಳಿಸಿ. ಸ್ಕ್ರೀನ್‌ಶಾಟನ್ನು ಪೋಷಕರ ಗುಂಪಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ಗೇಟಿನ ಮುಂದೆ ಜನಜಾತ್ರೆ. ದೂರವಾಣಿ ಕರೆಯಾದರೆ ಸಾಧ್ಯವಾದಷ್ಟು ಮಾತು ಎಳೆಯಿರಿ: ಎಲ್ಲಿಟ್ಟಿದ್ದೀರಿ, ಯಾವಾಗ ಸಿಡಿಯುತ್ತದೆ, ನೋಡಲು ಹೇಗಿದೆ, ಏಕೆ ಇಟ್ಟಿರಿ. ಧ್ವನಿ, ಭಾಷೆಯ ಧಾಟಿ, ಹಿಂದಿನ ಸದ್ದು ಎಲ್ಲವನ್ನೂ ಬರೆದುಕೊಳ್ಳಿ. ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಕಚೇರಿಯ ಫೋನಿನ ಪಕ್ಕ ಅಂಟಿಸಿಡಿ, ಆ ಗಾಬರಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ತೆರವು ಮಾಡಬೇಕೇ ಬೇಡವೇ ಎಂಬುದು ಕಷ್ಟದ ನಿರ್ಧಾರ. ಸಮಯ, ಕೊಠಡಿ, ಕಾರಣ ಹೇಳುವ ನಿರ್ದಿಷ್ಟ ಬೆದರಿಕೆಗೂ ಹಲವು ಶಾಲೆಗಳಿಗೆ ಒಟ್ಟಿಗೆ ಬಂದ ಗೊಡ್ಡು ಬರಹಕ್ಕೂ ವ್ಯತ್ಯಾಸವಿದೆ. ಆ ತೀರ್ಮಾನವನ್ನು ಪೊಲೀಸರೊಂದಿಗೆ ಮಾತನಾಡಿ ತೆಗೆದುಕೊಳ್ಳಿ. ಮಕ್ಕಳನ್ನು ಹೊರಗೆ ತರುವುದಾದರೆ ಅವರನ್ನು ನಿಲ್ಲಿಸುವ ಮೈದಾನವನ್ನು ಮೊದಲು ಒಬ್ಬರು ನೋಡಿ ಬರಬೇಕು. ಬೆದರಿಕೆಯ ಉದ್ದೇಶವೇ ಎಲ್ಲರನ್ನೂ ಒಂದು ಕಡೆ ಹೊರತರುವುದಾಗಿರಬಹುದು. ವಾಹನ ನಿಲ್ಲಿಸುವ ಜಾಗದಲ್ಲಿ ಸಾಲು ನಿಲ್ಲಿಸಬೇಡಿ. ಹುಡುಕುವ ಕೆಲಸಕ್ಕೆ ಪೊಲೀಸರ ಜೊತೆ ಶಾಲೆಯ ಆಯಾ ಮತ್ತು ಜವಾನರನ್ನು ಕೊಡಿ. ಯಾವ ಪೆಟ್ಟಿಗೆ ನಿನ್ನೆ ಇರಲಿಲ್ಲ ಎಂಬುದು ಪ್ರಾಂಶುಪಾಲರಿಗಿಂತ ದಿನಾ ಗುಡಿಸುವವರಿಗೆ ಚೆನ್ನಾಗಿ ಗೊತ್ತು.

ಅನಾಮಧೇಯನಾಗಿ ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 351(4)ರಡಿ ಅಪರಾಧ. ಪರೀಕ್ಷೆ ಮುಂದೂಡಲು ತಮಾಷೆಗೆ ಕಳಿಸಿದೆ ಎನ್ನುವ ಹುಡುಗರಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು.

ಹಂತ 6: ಆಧಾರ್, ಸಿಮ್, ಬಾಡಿಗೆ ಮನೆ, ಹಳೆಯ ಕಾರು

ನನ್ನ ಪ್ರಕಾರ ಈ ಇಡೀ ಲೇಖನದಲ್ಲಿ ಹೆಚ್ಚು ಫಲ ಕೊಡುವ ಹಂತ ಇದು. ಆಸಕ್ತಿ ಹುಟ್ಟಿಸುವಂಥದ್ದೇನೂ ಇಲ್ಲಿ ಇಲ್ಲ, ಬರೀ ಕಾಗದಪತ್ರ.

2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಓಡುತ್ತಿದ್ದ ಆಟೊದೊಳಗೆ ಕುಕ್ಕರ್ ಬಾಂಬ್ ಸಿಡಿದು ಪ್ರಯಾಣಿಕ ಮತ್ತು ಚಾಲಕ ಇಬ್ಬರೂ ಗಾಯಗೊಂಡರು. ಪ್ರಯಾಣಿಕನ ಬಳಿ ಇದ್ದ ಆಧಾರ್ ಅವನದಲ್ಲ. ಬೇರೊಬ್ಬರು ಕಳೆದುಕೊಂಡಿದ್ದ ಕಾರ್ಡು. ಅದೇ ಗುರುತಿನ ಮೇಲೆ ಮೈಸೂರಿನಲ್ಲಿ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಕಾರ್ಡಿನ ನಿಜವಾದ ಒಡೆಯ ಒಂದು ದಿನ ಬೆಳಗಾಗುವಷ್ಟರಲ್ಲಿ ದೇಶದ ಸುದ್ದಿಯಾದರು.

ಕಾರ್ಡು ಕಳೆದರೆ ಪೊಲೀಸರಲ್ಲಿ ದೂರು ದಾಖಲಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಆಧಾರ್ ಸಹಾಯವಾಣಿ 1947. ಬೆರಳಚ್ಚು, ಕಣ್ಣಿನ ಗುರುತನ್ನು ಆ್ಯಪ್‌ನಲ್ಲಿ ಲಾಕ್ ಮಾಡಿಡಬಹುದು. ಲಾಡ್ಜು, ಪಿಜಿ, ಕೊರಿಯರ್ ಅಂಗಡಿಗಳಲ್ಲಿ ಪ್ರತಿ ಕೇಳಿದಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ. ಜೆರಾಕ್ಸ್ ಪ್ರತಿ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ ದಿನಾಂಕ ಮತ್ತು 'ಇಂಥ ಕೆಲಸಕ್ಕೆ ಮಾತ್ರ' ಎಂದು ಬರೆಯಿರಿ.

ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಖ್ಯೆಗಳಿವೆ ಎಂದು ನೋಡಬಹುದು. ಗುರುತಿಲ್ಲದ ಸಂಖ್ಯೆ ಕಂಡರೆ ಅಲ್ಲೇ 'ನನ್ನದಲ್ಲ' ಎಂದು ತಿಳಿಸಿ. ಕರ್ನಾಟಕದಲ್ಲಿ ಒಬ್ಬರ ಹೆಸರಿನಲ್ಲಿ ಗರಿಷ್ಠ 9 ಸಂಪರ್ಕ. ಸ್ನೇಹಿತನಿಗೆ, ಕೆಲಸದವನಿಗೆ ನಿಮ್ಮ ಹೆಸರಿನಲ್ಲಿ ಸಿಮ್ ತೆಗೆದುಕೊಡುವ ಉಪಕಾರ ಬೇಡ.

ಮನೆ ಬಾಡಿಗೆಗೆ ಕೊಡುವವರು ಜಾತಿ ಕೇಳುವ ಉತ್ಸಾಹದಲ್ಲಿ ಕಾಲು ಭಾಗವನ್ನು ದಾಖಲೆ ನೋಡಲು ಬಳಸಿದರೆ ಸಾಕು. ಕಾರ್ಡಿನ ಫೋಟೊವನ್ನು ಎದುರಿಗಿರುವ ಮುಖದೊಂದಿಗೆ ಹೋಲಿಸಿ. ಕಾರ್ಡಿನ ಕ್ಯೂಆರ್ ಕೋಡನ್ನು ಆಧಾರ್ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಕೊಟ್ಟ ಮೊಬೈಲ್ ಸಂಖ್ಯೆಗೆ ಅವರ ಎದುರೇ ಕರೆ ಮಾಡಿ, ಕೆಲಸದ ಸ್ಥಳಕ್ಕೆ ಒಮ್ಮೆ ಫೋನಾಯಿಸಿ. ಮಧ್ಯವರ್ತಿ ವಿಚಾರಿಸಿದ್ದಾನೆ ಎಂದು ಬಿಡಬೇಡಿ. ಅವನಿಗೆ ಬೇಕಾದದ್ದು ಕಮಿಷನ್. ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಟ್ಟು ಪ್ರತಿ ಪಡೆಯಿರಿ. ವಿದೇಶಿಯರಿಗೆ ಕೋಣೆ ಕೊಟ್ಟರೆ 24 ಗಂಟೆಗಳೊಳಗೆ ಅವರ ವಿವರದ ನಮೂನೆಯನ್ನು (ಹಿಂದೆ ಸಿ ಫಾರ್ಮ್ ಎನ್ನುತ್ತಿದ್ದದ್ದು) ಆನ್‌ಲೈನ್‌ನಲ್ಲಿ ತುಂಬಬೇಕು. ಸ್ನೇಹಿತರ ಮನೆಯ ಅತಿಥಿ ಎಂಬ ನೆಪ ನಡೆಯುವುದಿಲ್ಲ. ತಿಳಿದೂ ಉಗ್ರರಿಗೆ ಆಶ್ರಯ ಕೊಟ್ಟವರಿಗೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ (ಯುಎಪಿಎ) ಸೆಕ್ಷನ್ 19ರಡಿ ಕನಿಷ್ಠ ಮೂರು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ತಿಳಿಯದೆ ಕೊಟ್ಟೆ ಎಂದು ತೋರಿಸಲು ನಿಮ್ಮ ಬಳಿ ಇರುವುದು ಈ ಕಾಗದಗಳೇ.

ಇನ್ನು ಕಾರು. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆ ಬಳಿ ಕಾರು ಸ್ಫೋಟಗೊಂಡಾಗ ಪೊಲೀಸರು ಮೊದಲು ಹೋದದ್ದು ನೋಂದಣಿಯಲ್ಲಿದ್ದ ಹೆಸರಿನ ಬಾಗಿಲಿಗೆ. ಕಾರು ಆ ಹೊತ್ತಿಗೆ ಹಲವು ಕೈ ಬದಲಿಸಿತ್ತು. ವಾಹನ ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಫಾರ್ಮ್ 29, 30ಕ್ಕೆ ಸಹಿ ಹಾಕಿ ಡೀಲರ್ ಕೈಗಿತ್ತರೆ ಮುಗಿಯಲಿಲ್ಲ. ಹೆಸರು ಬದಲಾದದ್ದನ್ನು ಪರಿವಾಹನ್ ಜಾಲತಾಣದಲ್ಲಿ ಕಣ್ಣಾರೆ ನೋಡುವವರೆಗೆ ಮಾರಾಟದ ಕರಾರು, ಕೊಂಡವರ ಗುರುತಿನ ಪ್ರತಿ, ವಾಹನ ಒಪ್ಪಿಸಿದ ದಿನ ಮತ್ತು ಗಂಟೆ ನಿಮ್ಮ ಬಳಿ ಇರಲಿ.

ಹಂತ 7: ಕ್ಯಾಮೆರಾ

ಏಕಕಾಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳು ಸಿಸಿಟಿವಿ ಹಾಕಿ 30 ದಿನಗಳ ದೃಶ್ಯ ಉಳಿಸಬೇಕೆಂದು ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ, 2017 ಹೇಳುತ್ತದೆ. ರಾಮೇಶ್ವರಂ ಕೆಫೆ ಪ್ರಕರಣದಲ್ಲಿ ಕೆಫೆಯ, ಬೀದಿಯ, ಬಸ್ಸುಗಳ ಕ್ಯಾಮೆರಾಗಳನ್ನು ಜೋಡಿಸಿಯೇ ತನಿಖೆ ಮುಂದೆ ಸಾಗಿತು. ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) 2024ರ ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಇಬ್ಬರನ್ನು ಬಂಧಿಸಿತು.

ತಿಂಗಳಿಗೊಮ್ಮೆ ನೀವೇ ನೋಡಬೇಕಾದದ್ದು: ಗಡಿಯಾರ ಸರಿಯಿದೆಯೇ, 30 ದಿನ ಹಿಂದಿನ ದೃಶ್ಯ ನಿಜಕ್ಕೂ ತೆರೆಯುತ್ತದೆಯೇ, ಬಾಗಿಲಲ್ಲಿ ಒಳಬರುವವರ ಮುಖ ಬೀಳುತ್ತದೆಯೇ ಅಥವಾ ಎದುರು ಬೆಳಕಿಗೆ ಕಪ್ಪು ನೆರಳೇ? ಅನೇಕ ಕಡೆ ಕ್ಯಾಮೆರಾ ಎತ್ತರದಲ್ಲಿದ್ದು ಟೋಪಿಯನ್ನಷ್ಟೇ ತೋರಿಸುತ್ತದೆ. ಗಲ್ಲಾದ ಬಳಿ, ಹಣ ಕೊಡುವವರ ಎದೆಮಟ್ಟದಲ್ಲಿ ಒಂದು ಇರಲಿ. ಹಣ ಕೊಡುವಾಗ ಎಲ್ಲರೂ ತಲೆ ಎತ್ತುತ್ತಾರೆ.

ಹಂತ 8: ಸಿಡಿದರೆ

ಕೆಫೆಯ ಸ್ಫೋಟವನ್ನು ಮೊದಲು ಗ್ಯಾಸ್ ಸಿಲಿಂಡರ್ ಸಿಡಿತ ಎಂದುಕೊಂಡವರಿದ್ದರು. ಮಂಗಳೂರಿನ ಆಟೊವನ್ನೂ ಮೊದಲು ಬೆಂಕಿ ಅವಘಡವೆಂದೇ ನೋಡಲಾಗಿತ್ತು. ಕಾರಣವನ್ನು ನೀವು ತೀರ್ಮಾನಿಸಬೇಕಾಗಿಲ್ಲ, ಜನರನ್ನು ದೂರ ಕಳಿಸುವುದು ಎರಡಕ್ಕೂ ಒಂದೇ.

ಗುಂಪುಗೂಡಬೇಡಿ. ಬೆಂಗಳೂರು ಸರಣಿ ಸ್ಫೋಟದ ಮಾರನೆಯ ದಿನ, 2008ರ ಜುಲೈ 26ರಂದು, ಅಹಮದಾಬಾದ್‌ನಲ್ಲಿ ಗಾಯಾಳುಗಳನ್ನು ಕರೆತರುತ್ತಿದ್ದ ಆಸ್ಪತ್ರೆಯಲ್ಲೇ ಬಾಂಬ್ ಸಿಡಿಯಿತು. ನೋಡಲು ಓಡಿಬರುವವರೇ ಎರಡನೇ ಸ್ಫೋಟದ ಗುರಿ. ನಡೆಯಬಲ್ಲ ಗಾಯಾಳುಗಳನ್ನು ಮೊದಲು ದೂರ ಕರೆದೊಯ್ಯಿರಿ. ರಕ್ತ ಚಿಮ್ಮುವ ಗಾಯವನ್ನು ಶುಚಿ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ತೆಗೆಯದೆ ಅದರ ಮೇಲೆ ಇನ್ನೊಂದಿಟ್ಟು ಒತ್ತಿ. ಚುಚ್ಚಿಕೊಂಡ ಗಾಜು, ಮೊಳೆ ಕೀಳಬೇಡಿ. 108ಕ್ಕೆ ಕರೆ ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಜಾಗ ತೊಳೆಯಬೇಡಿ, ಗುಡಿಸಬೇಡಿ. ತಂತಿಯ ಒಂದು ತುಂಡು ಕೂಡ ಸಾಕ್ಷ್ಯ.

ಬಂದೂಕುಧಾರಿ ದಾಳಿಯಾದರೆ ಓಡುವುದು ಮೊದಲು. ದಾರಿಯಿಲ್ಲದಿದ್ದರೆ ಬಾಗಿಲು ಭದ್ರಪಡಿಸಿ, ಮೊಬೈಲ್ ಸದ್ದಡಗಿಸಿ ಅಡಗುವುದು. ಆಮೇಲೆ ಪೊಲೀಸರಿಗೆ ತಿಳಿಸುವುದು. ನೇರ ಪ್ರಸಾರ ಮಾಡಬೇಡಿ. ಮುಂಬೈ ದಾಳಿಯಲ್ಲಿ ಟಿವಿ ದೃಶ್ಯಗಳು ದಾಳಿಕೋರರ ಸೂತ್ರಧಾರರಿಗೆ ನೆರವಾದ ಅನುಭವದ ಹಿನ್ನೆಲೆಯಲ್ಲಿ 2015ರಲ್ಲಿ ಕೇಬಲ್ ಟಿವಿ ನಿಯಮಗಳಿಗೇ ತಿದ್ದುಪಡಿ ಬಂತು.

ಹಂತ 9: ಗಾಳಿಮಾತು

2012ರ ಆಗಸ್ಟ್ ಮಧ್ಯದಲ್ಲಿ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿ ಹೊರಟುಹೋದರು. ದಾಳಿ ನಡೆದಿರಲಿಲ್ಲ, ನಡೆಯುತ್ತದೆಂಬ ಎಸ್ಎಂಎಸ್‌ಗಳಷ್ಟೇ ಹರಿದಾಡಿದ್ದವು. ಕೇಂದ್ರ ಸರ್ಕಾರ ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಎಂಎಸ್ ಕಳಿಸದಂತೆ 15 ದಿನಗಳ ನಿರ್ಬಂಧ ಹಾಕಬೇಕಾಯಿತು. ಒಂದು ಪಟಾಕಿಯೂ ಸಿಡಿಯದೆ ಭಯೋತ್ಪಾದನೆ ತನ್ನ ಕೆಲಸ ಮುಗಿಸಿತ್ತು.

ಸಂದೇಶ ಬಂದಾಗ ದಿನಾಂಕ, ಸ್ಥಳ, ಹೇಳಿದ ಅಧಿಕಾರಿಯ ಹೆಸರು ಇವು ಮೂರೂ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಇದ್ದರೂ ಪೊಲೀಸ್ ಆಯುಕ್ತರ ಅಥವಾ ಜಿಲ್ಲಾ ಪೊಲೀಸರ ಅಧಿಕೃತ ಖಾತೆಯಲ್ಲಿ ನೋಡಿ. ನಿಮ್ಮ ಓಣಿಯಲ್ಲಿ ಬೇರೆ ರಾಜ್ಯದ ಹುಡುಗರ ಪಿಜಿ ಇದ್ದರೆ ಅಂಥ ದಿನ ಹೋಗಿ ಒಂದು ಮಾತಾಡಿಸಿ ಬನ್ನಿ.

ಹಂತ 10: ಮನೆಯೊಳಗಿನ ಹುಡುಗ

ಬಾಂಬಿನ ಹಾಗೆಯೇ ಅದನ್ನು ಇಡುವವನೂ ಎಲ್ಲೋ ತಯಾರಾಗುತ್ತಾನೆ. ಯಾವ ಧರ್ಮದ, ಯಾವ ಸಿದ್ಧಾಂತದ ಹೆಸರಿನಲ್ಲಾದರೂ ಆ ದಾರಿ ಸಾಮಾನ್ಯವಾಗಿ ಒಂದೇ ಥರ: ಹಳೆಯ ಗೆಳೆಯರು ಕಳಚಿಕೊಳ್ಳುತ್ತಾರೆ, ಮೊಬೈಲಿನೊಳಗಿನ ಗುಟ್ಟಿನ ಗುಂಪು ಅವರ ಜಾಗಕ್ಕೆ ಬರುತ್ತದೆ, ಇಡೀ ಒಂದು ಸಮುದಾಯ ಸಾಯಬೇಕಾದವರ ಪಟ್ಟಿಗೆ ಸೇರುತ್ತದೆ, ಹಿಂಸೆಯ ವಿಡಿಯೊಗಳು ಹುರುಪು ಕೊಡತೊಡಗುತ್ತವೆ. ಭಕ್ತಿ ಹೆಚ್ಚಾಗುವುದು, ಗಡ್ಡ ಅಥವಾ ಶಿಖೆ ಬಿಡುವುದು, ಸರ್ಕಾರವನ್ನು ಬೈಯುವುದು ಇದರ ಲಕ್ಷಣಗಳಲ್ಲ. ಅವು ಅವನ ಹಕ್ಕು.

ಗದರಿ ಮೊಬೈಲ್ ಕಿತ್ತುಕೊಂಡರೆ ಅವನು ಆ ಗುಂಪಿಗೆ ಇನ್ನಷ್ಟು ಹತ್ತಿರವಾಗುತ್ತಾನೆ. ಅವನು ಮರ್ಯಾದೆ ಕೊಡುವ ಸೋದರಮಾವ, ಹಳೆಯ ಮೇಷ್ಟ್ರು, ಅವನದೇ ಧರ್ಮದ ತಿಳಿದ ಹಿರಿಯರು ಇವರಲ್ಲಿ ಒಬ್ಬರು ಮಾತಿಗೆ ಕೂರಲಿ. ಅವನ ಸಿಟ್ಟಿನಲ್ಲಿ ನಿಜವಾದ ಅನ್ಯಾಯದ ಪಾಲು ಎಷ್ಟಿದೆ ಎಂದು ಒಪ್ಪಿಕೊಂಡೇ ಮಾತು ಶುರುವಾಗಬೇಕು. ಮರಳುವ ದಾರಿ ಇದೆ ಎಂಬುದು ಬರೀ ಸಮಾಧಾನದ ಮಾತಲ್ಲ: 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಆರು ಮಂದಿ ನಕ್ಸಲರು ಶರಣಾದರು. ರಾಜ್ಯದ ಶರಣಾಗತಿ ಮತ್ತು ಪುನರ್ವಸತಿ ನೀತಿಯ ಜೊತೆಗೆ, ಕಾಡಿನವರಿಗೂ ಸರ್ಕಾರಕ್ಕೂ ನಡುವೆ ಮಾತು ಸಾಗಿಸಿದ ನಾಗರಿಕರ ಗುಂಪಿನ ಪಾತ್ರವೂ ಅದರಲ್ಲಿತ್ತು.

ಆದರೆ ಹಣ ರವಾನೆ, ರಾಸಾಯನಿಕ ಅಥವಾ ಆಯುಧ ಸಂಗ್ರಹ, ಮನೆ ಬಿಟ್ಟು ಹೋಗುವ ಸಿದ್ಧತೆ, ನಿರ್ದಿಷ್ಟ ವ್ಯಕ್ತಿಯ ಅಥವಾ ಸ್ಥಳದ ಪ್ರಸ್ತಾಪ ಕಂಡರೆ ಕುಟುಂಬದ ಮಾತುಕತೆಯ ಹೊತ್ತು ಮೀರಿದೆ. ಅದೇ ದಿನ ಒಬ್ಬ ವಕೀಲರನ್ನು ಜೊತೆಗೆ ಕರೆದುಕೊಂಡು ಪೊಲೀಸ್ ಆಯುಕ್ತರ ಅಥವಾ ಜಿಲ್ಲಾ ಎಸ್‌ಪಿ ಕಚೇರಿಗೆ ಹೋಗಿ. ಹೇಳುವುದನ್ನು ಬರೆದು ಕೊಟ್ಟು, ಸ್ವೀಕೃತಿಯ ಪ್ರತಿ ಪಡೆದುಕೊಳ್ಳಿ. ಮೊಬೈಲಿನಲ್ಲಿರುವುದನ್ನು ಹೆದರಿ ಅಳಿಸಲು ಹೋಗಬೇಡಿ. ಹುಡುಗ ಎಷ್ಟು ದೂರ ಹೋಗಿಲ್ಲ ಎಂಬುದಕ್ಕೂ ಸಾಕ್ಷಿ ಅದರಲ್ಲೇ ಇರುತ್ತದೆ.